ಆ ಬೇಸಿಗೆಯ ನಾಲ್ಕು ದಿನ

ಹೋದ ತಿಂಗಳು ಯಡಿಯೂರಿನಲ್ಲಿ ನಮ್ಮ ಎದುರುಮನೆಯವರು ಗೇಟಿಗೆ ಬೇವಿನ ಸೊಪ್ಪು ಕಟ್ಟಿದ್ದರು. ಆ ಮನೆಯ ಹುಡುಗನಿಗೆ ಸೀತಾಳೆ ಸಿಡುಬು. ಬಿಸಿಲಿಗೆ ಬಾಡಿದ ಸೊಪ್ಪಿನ ಕಹಿ ವಾಸನೆ, ಅದರ ಹಿಂದೆಯೇ ಅರಿಸಿನ ಕದಡಿದ ನೀರಿನ ವಾಸನೆ, ಎರಡೂ ರಸ್ತೆ ದಾಟಿ ನಮ್ಮ ವರಾಂಡಕ್ಕೆ ಬಂದವು. ಓದುತ್ತಿದ್ದ ಪೇಪರನ್ನು ಮಡಿಸಿಟ್ಟು ಒಳಗೆ ಹೋಗಿ ಕಿಟಕಿ ಹಾಕಿದೆ. ಹುಡುಗ ಹತ್ತು ದಿನದಲ್ಲಿ ಎದ್ದು ಸೈಕಲ್ ಹತ್ತಿದ. ನನಗೆ ಮಾತ್ರ ಎರಡು ವರ್ಷದ ಹಿಂದಿನ ಬೇಸಿಗೆ ಮತ್ತೆ ಮೊದಲಿನಿಂದ ಶುರುವಾಯಿತು.

ಆಗ ನಾನು ಒಂದು ಕನ್ನಡ ದಿನಪತ್ರಿಕೆಗೆ ಆರೋಗ್ಯದ ಸುದ್ದಿ ಬರೆಯುತ್ತಿದ್ದೆ. ಇಪ್ಪತ್ತೆರಡು ವರ್ಷದ ಕೆಲಸ. ಆ ಕೆಲಸದಲ್ಲಿ ಹಿರಿಯರು ತಲೆಗೆ ತುಂಬಿದ ಪಾಠಗಳು ಕೆಲವೇ: ಕಂಡದ್ದನ್ನು ಬರೆ, ಕೇಳಿದ್ದನ್ನು ಇನ್ನೊಬ್ಬರ ಬಳಿ ಕೇಳಿ ನೋಡು, ಕೊಟ್ಟ ಮಾತು ಉಳಿಸಿಕೊ, ನೋಡಲು ಹೋದ ಕಡೆ ಕೈ ಹಾಕಬೇಡ. ಆ ಬೇಸಿಗೆಯಲ್ಲಿ ಇವುಗಳಲ್ಲಿ ಒಂದನ್ನೂ ನಾನು ಮೀರಲಿಲ್ಲ.

ಅದು ಕೊಳವೆಬಾವಿಗಳು ಬತ್ತಿದ ಬೇಸಿಗೆ. ಮಾರ್ಚ್ ಮುಗಿಯುವ ಮೊದಲೇ ಬನಶಂಕರಿಯಿಂದ ಆಚೆ ಪ್ರತಿ ಅಡ್ಡರಸ್ತೆಯ ತಲೆಯಲ್ಲೂ ಡ್ರಮ್ಮುಗಳ ಸಾಲು, ನೀರಿನ ಟ್ಯಾಂಕರ್ ಬಂತೆಂದರೆ ಓಟ. ಮಳೆ ಬರುವ ಲಕ್ಷಣವೇ ಇರಲಿಲ್ಲ. ಸುಬ್ರಹ್ಮಣ್ಯಪುರದ ಒಂದು ವಠಾರದಲ್ಲಿ ಈಶಾನ್ಯದ ಗುಡ್ಡಗಾಡಿನಿಂದ ಓಡಿಬಂದ ಕುಟುಂಬಗಳಿವೆ, ಒಂದು ಬರಹ ಮಾಡಿ ಎಂದು ಸುದ್ದಿ ಸಂಪಾದಕರು ಹೇಳಿದರು. ಅವರ ಜಿಲ್ಲೆಯಲ್ಲಿ ಎರಡು ಸಮುದಾಯಗಳು ಬಡಿದಾಡಿ, ಹಳ್ಳಿಗಳು ಉರಿದು, ರಸ್ತೆಗಳು ಮುಚ್ಚಿ ಒಂದು ವರ್ಷವಾಗುತ್ತ ಬಂದಿತ್ತು. ಆ ಭಾಗದ ಆಶಾ ಕಾರ್ಯಕರ್ತೆ ಸುಜಾತಾ ನನಗೆ ಹಳೆಯ ಪರಿಚಯ. ಗರ್ಭಿಣಿಯರ ಲೆಕ್ಕ, ಲಸಿಕೆಯ ಲೆಕ್ಕ, ಡೆಂಗಿ ಲೆಕ್ಕ ಎಲ್ಲವನ್ನೂ ಒಂದು ಉದ್ದನೆಯ ಪುಸ್ತಕದಲ್ಲಿ ಹೊತ್ತು ಬಿಸಿಲಲ್ಲಿ ತಿರುಗುವವಳು. ಅವಳೇ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು.

ವಠಾರದ ಒಡತಿ ಜಯಮ್ಮನವರದು ಊರಿನ ಹಳೆಯ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದ ಬಹುಪಾಲು ಬಡಾವಣೆಯಾಗಿ ಹೋಗಿತ್ತು. ಉಳಿದ ತುಂಡಿನಲ್ಲಿ ಗಂಡ ಬದುಕಿದ್ದಾಗ ಎದುರುಬದುರು ಆರಾರು ಕೋಣೆ ಕಟ್ಟಿಸಿ ಶೀಟು ಹೊದಿಸಿದ್ದರು. ನಡುವೆ ಅಂಗಳ. ಮೂಲೆಯಲ್ಲಿ ಬೇವಿನ ಮರ, ಅದರ ಬುಡದಲ್ಲಿ ಅರಿಸಿನ ಕುಂಕುಮ ಮೆತ್ತಿದ ಮೂರು ಕಲ್ಲು. ಆ ಮನೆಯವರಿಗೆ ಅಮ್ಮನ ಗುಡಿ ಎಂದರೆ ಅದೇ.

"ಏನೇ ಸುಜಾತ, ಮತ್ತೆ ಲೆಕ್ಕ ಬರ್ಯಕ್ಕೆ ಬಂದ್ಯಾ? ಹೋದ್ ತಿಂಗ್ಳು ಸೊಳ್ಳೆ ಎಣ್ಸ್ಕೊಂಡ್ ಹೋದೆ," ಎಂದರು ಜಯಮ್ಮ, ಜಗಲಿಯಲ್ಲಿ ಕೂತೇ.

"ಸೊಳ್ಳೆ ಅಲ್ಲ ಆಂಟಿ, ಸೊಳ್ಳೆ ಮರಿ. ನಿಮ್ ಡ್ರಮ್ಮಲ್ಲೇ ಇತ್ತಲ್ಲ."

"ಕುಡಿಯಕ್ಕೇ ನೀರಿಲ್ಲ, ಮರಿ ಎಲ್ಲಿ ಈಜ್ತವೆ? ಇವ್ರ್ಯಾರು?"

"ಪೇಪರ್ನೋರು."

"ಅಯ್ಯೋ, ಕೂತ್ಕೊಳಿ ಮೇಡಂ. ನಮ್ ರೋಡಿಗೆ ಕಾವೇರಿ ನೀರ್ ಬಿಟ್ಟು ಎಷ್ಟ್ ದಿನ ಆಯ್ತು, ಮೊದ್ಲು ಅದ್ನ ಬರ್ಕೊಳಿ."

ನನಗೆ ಸ್ಟೀಲ್ ಲೋಟದಲ್ಲಿ ಕಾಫಿ ಬಂತು. ಸುಜಾತಾಗೆ ಕಾಗದದ ಲೋಟದಲ್ಲಿ. "ನಂಗೆ ಕಾಫಿ ಆಗಲ್ಲ ಆಂಟಿ," ಎಂದು ಅವಳು ನಕ್ಕು ಪಕ್ಕಕ್ಕಿಟ್ಟಳು. ಅವತ್ತೇ ಸಂಜೆ ಉತ್ತರಹಳ್ಳಿ ರಸ್ತೆಯ ದರ್ಶಿನಿಯಲ್ಲಿ ಅವಳು ಒಂದರ ಮೇಲೊಂದು ಎರಡು ಕಾಫಿ ಕುಡಿದಳು. ನಾನು ಕೇಳಲಿಲ್ಲ. ಅವಳಜ್ಜಿ ಅದೇ ಊರಿನ ಕೇರಿಯವಳು. ಅಪ್ಪನ ಕಾಲಕ್ಕೆ ಮನೆಯವರು ಬೌದ್ಧರಾಗಿದ್ದರು. ಅಮ್ಮ, ಮಾರಿ, ಎಡೆ, ಹರಕೆ ಯಾವುದೂ ಅವರ ಮನೆಯಲ್ಲಿರಲಿಲ್ಲ. ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ.

ಜಯಮ್ಮ ಒಳ್ಳೆಯವರೇ. ಗುಡ್ಡಗಾಡಿನವರು ಎಂದು ಸುತ್ತಮುತ್ತ ಯಾರೂ ಮನೆ ಕೊಡದಿದ್ದಾಗ ಐದು ಕೋಣೆ ಕೊಟ್ಟಿದ್ದರು. "ಇಬ್ರು ಮಲ್ಗೋ ರೂಮಲ್ಲಿ ಏಳೇಳ್ ಜನ ಅವ್ರೆ ಮೇಡಂ. ಏನ್ ಕೇಳುದ್ರೂ ನಗ್ತವೆ. ಮನೆ ಸುಟ್ಟಾಕ್ಬುಟ್ರಂತೆ. ಇವಕ್ಕೆ ಇಲ್ಲ ಅನ್ನಕ್ಕೆ ಬಾಯ್ ಬರುತ್ತಾ?"

ಆ ಐದು ಕೋಣೆಗಳಲ್ಲಿ ಕೊನೆಯದು ಕಿಮ್ ಎಂಬಾಕೆಯದು. ಇಪ್ಪತ್ತಾರು ವರ್ಷ, ಬಿಟಿಎಂ ಲೇಔಟಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ. ಗಂಡ ಅಲ್ಲೇ ಉಳಿದಿದ್ದ. ಉಳಿದು ಏನಾದ ಎಂದು ಅವಳು ಹೇಳಲಿಲ್ಲ, ನಾನು ಎರಡನೇ ಸಲ ಕೇಳಲಿಲ್ಲ. ಜೊತೆಯಲ್ಲಿ ಎರಡು ಮಕ್ಕಳು. ತೀರಿಹೋದ ಅಕ್ಕನ ಮಗಳು ಹೋಯ್ನು, ಏಳು ವರ್ಷ. ತನ್ನ ಮಗ ಮಾಂಗ್, ಒಂದೂವರೆ. ಮಾಂಗ್‌ನ ಕುತ್ತಿಗೆ ಸಣ್ಣ, ಹೊಟ್ಟೆ ಮುಂದಕ್ಕೆ. ನಡೆಯಲು ಕಲಿತಿದ್ದ, ಆದರೆ ಹೆಚ್ಚು ಹೊತ್ತು ಹೋಯ್ನುವಿನ ಸೊಂಟದ ಮೇಲೇ ಇರುತ್ತಿದ್ದ. ನನ್ನ ಮುಂದೆ ಕೂತ ಕಿಮ್‌ಗೆ ಬೇಕಾದ್ದು ಒಂದೇ ಇತ್ತು: ಈ ಹುಡುಗ ಬದುಕಬೇಕು. ಹಾಗೆಂದೇ ಹೇಳಿದಳು. ಅರೆಬರೆ ಹಿಂದಿಯಲ್ಲಿ, ಅಳದೆ.

ಅವಳು ಹೇಳಿದ್ದನ್ನು ಅವಳು ಹೇಳಿದ ಕ್ರಮದಲ್ಲೇ ಬರೆದುಕೊಂಡಿದ್ದೇನೆ. ಮಾಂಗ್‌ಗೆ ಒಂಬತ್ತು ತಿಂಗಳಾಗಿ ದಡಾರದ ಲಸಿಕೆ ಬೀಳಬೇಕಾದ ಹೊತ್ತಿಗೆ ನರ್ಸ್ ಬರುವುದು ನಿಂತಿತ್ತು. ನರ್ಸ್ ಕಣಿವೆಯವಳು, ಆಚೆಯ ಸಮುದಾಯದವಳು. ಗುಡ್ಡ ಹತ್ತಿದರೆ ಇವರು ಕೊಲ್ಲುತ್ತಿದ್ದರು, ಹತ್ತಲು ಹೊರಟರೆ ಅವಳವರೇ ಬಿಡುತ್ತಿರಲಿಲ್ಲ. ಅವಳು ಒಳ್ಳೆಯವಳು ಎಂದು ಕಿಮ್ ಎರಡು ಸಲ ಹೇಳಿದಳು. ಲಸಿಕೆ ಇಡುವ ಫ್ರಿಜ್‌ಗೆ ಕರೆಂಟಿರಲಿಲ್ಲ. ಆಮೇಲೆ ಆ ಆರೋಗ್ಯ ಕೇಂದ್ರವೇ ಇರಲಿಲ್ಲ. ಮಕ್ಕಳ ಕಾರ್ಡುಗಳು ಮನೆಯೊಂದಿಗೆ ಸುಟ್ಟವು. ಶಿಬಿರವೆಂದರೆ ಒಂದು ಶಾಲೆ, ಒಂದೊಂದು ತರಗತಿಯಲ್ಲಿ ಹನ್ನೆರಡು ಸಂಸಾರ, ದಿನಕ್ಕೆರಡು ಸಲ ಅನ್ನ ಮತ್ತು ನೀರುಬೇಳೆ. ಚಳಿಗಾಲದಲ್ಲಿ ಅಲ್ಲಿ ದಡಾರ ಬಂತು. ಶಾಲೆಯ ಹಿಂದೆ ಎರಡು ಮಕ್ಕಳನ್ನು ಹೂಳಿದರು. ತನ್ನ ಇಬ್ಬರು ಹೇಗೆ ತಪ್ಪಿಸಿಕೊಂಡರೋ ಗೊತ್ತಿಲ್ಲ. ಬದುಕಲಿ ಎಂದೇ ಮೂರು ದಿನದ ರೈಲು ಹತ್ತಿದಳು.

ಸುಜಾತಾ ಪುಸ್ತಕ ತೆಗೆದು ಕೇಳಿದಳು: "ವಠಾರದಲ್ಲಿ ನಿಮ್ಮ ಕಡೆಯ ಮಕ್ಕಳು ಎಷ್ಟು? ಹೆಸರು ಹೇಳಿ, ಲಸಿಕೆ ಹಾಕಿಸ್ತೀನಿ."

ಕಿಮ್ ಪುಸ್ತಕ ನೋಡಿ ಎದ್ದು ನಿಂತಳು. "ಬೇಡ" ಎಂಬ ಕನ್ನಡ ಪದ ಅವಳಿಗೆ ಗೊತ್ತಿತ್ತು. ಬೆಂಕಿಗೆ ಮೂರು ವಾರ ಮೊದಲು ಅವರ ಊರಿಗೂ ಪುಸ್ತಕ ಹಿಡಿದವರು ಬಂದಿದ್ದರಂತೆ. ಯಾವ ಮನೆಯಲ್ಲಿ ಯಾರು, ಮಕ್ಕಳೆಷ್ಟು ಎಂದು ಬರೆದುಕೊಂಡು ಹೋಗಿದ್ದರು. ಆಮೇಲೆ ಬಾಗಿಲುಗಳ ಮೇಲೆ ಬಣ್ಣದ ಗುರುತು ಬಿತ್ತು. ಐದೂ ಕೋಣೆಯವರು ಸೇರಿ ಸುಜಾತಾಗೆ ಹೇಳಿದ್ದು ಒಂದೇ ಉತ್ತರ: ಮಕ್ಕಳು ಮೂರು. ಅವಳು ಮೂರು ಎಂದು ಬರೆದುಕೊಂಡಳು.

ಆದರೆ ಮಕ್ಕಳಿಗೆ ಆ ಭಯ ಇರಲಿಲ್ಲ. ಸುಜಾತಾ ಹೋದ ಮೇಲೆ ಅಂಗಳದಲ್ಲಿ ನನ್ನ ಸುತ್ತ ಸಾಲಾಗಿ ನಿಂತು ಒಬ್ಬೊಬ್ಬರಾಗಿ ಹೆಸರು ಕೂಗಿದರು, ಚಿಕ್ಕವರ ಹೆಸರನ್ನು ದೊಡ್ಡವರು. ಬರೆದುಕೊಂಡೆ. ಹದಿನೇಳಾಯಿತು. ಕಿಮ್ ನೋಡಿದಳು.

"ನಿಮ್ಮ ಹತ್ತಿರ ಇರಲಿ. ಪೇಪರಿಗೆ ಬೇಡ. ಸರ್ಕಾರಕ್ಕೆ ಬೇಡ," ಎಂದಳು.

"ಯಾರಿಗೂ ಕೊಡಲ್ಲ," ಎಂದೆ.

ಏಪ್ರಿಲ್‌ನ ಮೊದಲ ವಾರ ಶಿಬಿರದಿಂದ ಇನ್ನೊಂದು ಸಂಸಾರ ಬಂದು ಸೇರಿತು. ಅವರ ಮಗು ಕೆಮ್ಮುತ್ತಿತ್ತು. ಎರಡು ದಿನ ಇದ್ದು ಅವರು ಬೇರೆ ಕಡೆ ಹೋದರು. ಹತ್ತು ದಿನವಾದ ಮೇಲೆ, ಒಂದು ಬುಧವಾರ, ಹೋಯ್ನುಗೆ ಜ್ವರ ಬಂತು. ಕಣ್ಣು ಕೆಂಪು, ಮೂಗು ಸೋರುತ್ತಿತ್ತು. ಕಿಮ್ ಶಿಬಿರದಲ್ಲಿ ಇದನ್ನು ನೋಡಿದ್ದಳು. ಅವತ್ತೇ ಮಾಂಗ್‌ನನ್ನು ಎತ್ತಿಕೊಂಡು ಎದುರು ಸಾಲಿನ ಕೋಣೆಯ ಅಜ್ಜಿಯ ಹತ್ತಿರ ಬಿಟ್ಟಳು. ಅಜ್ಜಿ ಅವಳ ಊರಿನವಳೇ. "ನಾನು ಹೇಳುವ ತನಕ ಈ ಕಡೆ ತರಬೇಡ," ಎಂದಳು. ಕೆಲಸದಿಂದ ಬಂದು ಅಂಗಳದ ಈಚೆಯಿಂದಲೇ ಮಗನನ್ನು ನೋಡುತ್ತಿದ್ದಳು. ಅವನು ಕೈ ಚಾಚಿ ಅಳುತ್ತಿದ್ದ. ಅವಳು ಒಳಗೆ ಹೋಗುತ್ತಿದ್ದಳು.

ಶನಿವಾರ ಸಂಜೆ ಹೋಯ್ನುವಿನ ಕಿವಿಯ ಹಿಂದೆ ದದ್ದು ಎದ್ದಿತು. ಭಾನುವಾರ ಸುಜಾತಾ ಬಂದಳು, ನಾನೂ ಹೋದೆ. ಅವಳು ಬಾಗಿಲಲ್ಲೇ ನಿಂತು ನೋಡಿ, "ದಡಾರ ಅನ್ಸತ್ತೆ ಮೇಡಂ. ರಕ್ತ ಕಳ್ಸ್ಬೇಕು, ರಿಪೋರ್ಟ್ ಬರಕ್ಕೆ ವಾರ ಆಗತ್ತೆ," ಎಂದಳು. ಹೋಯ್ನುಗೆ ವಿಟಮಿನ್ ಎ ಹನಿ ಹಾಕಿದಳು. ಆಮೇಲೆ ಜಯಮ್ಮನವರ ಜಗಲಿಗೆ ಬಂದು ಹೇಳಿದಳು:

"ಆಂಟಿ, ಹುಡುಗಿ ನಾಲ್ಕು ದಿನ ರೂಮ್ ಬಿಟ್ಟು ಬರ್ಬಾರ್ದು. ಬೇರೆ ಮಕ್ಳು ಹತ್ರ ಹೋಗ್ಬಾರ್ದು. ನೀವೇ ನೋಡ್ಕೋಬೇಕು."

"ನೀನ್ ಹೇಳ್ಬೇಕಾ? ಅಮ್ಮ ಬಂದಿರೋ ಮನೆಗೆ ಯಾರಾದ್ರೂ ಹೋಗ್ತಾರಾ? ನಂಗೆ ಗೊತ್ತು ನಡಿಯೇ."

ನಿಜವಾಗಿ ಅವರಿಗೆ ಗೊತ್ತಿತ್ತು. ಬಾಗಿಲಿಗೆ ಬೇವು ಕಟ್ಟಿದ್ದರು. ಹೊರಗಿನವರನ್ನು ಬಿಡುತ್ತಿರಲಿಲ್ಲ. ಒಗ್ಗರಣೆ ಹಾಕಬಾರದೆಂದು ಇಡೀ ವಠಾರಕ್ಕೆ ಹೇಳಿದ್ದರು. ಸುಜಾತಾಗೆ ಸಮಾಧಾನವಾಯಿತು. "ಒಂದ್ಸಲನಾದ್ರೂ ಆಂಟಿ ನನ್ ಮಾತ್ ಕೇಳಿದ್ರಲ್ಲ!" ಎಂದು ಹೊರಗೆ ಬಂದು ನನ್ನ ಭುಜ ತಟ್ಟಿದಳು.

ಸುಜಾತಾ ಎಣಿಸಿದ್ದು ದದ್ದು ಎದ್ದ ಶನಿವಾರದಿಂದ. ಅಂದರೆ ಬುಧವಾರ ಕಳೆಯುವ ತನಕ. ಜಯಮ್ಮ ಎಣಿಸಿದ್ದು ಅಮ್ಮ ಮೈಗೆ ಬಂದ ದಿನದಿಂದ, ಅಂದರೆ ಮೈ ಬಿಸಿಯಾದ ಹಿಂದಿನ ಬುಧವಾರದಿಂದ. ಅವರ ಲೆಕ್ಕದಲ್ಲಿ ನಾಲ್ಕು ದಿನ ಆಗಲೇ ತುಂಬಿತ್ತು. ಇನ್ನು ಬರುವ ಮೊದಲ ಮಂಗಳವಾರ ಅಮ್ಮನಿಗೆ ತಂಪು ಮಾಡಬೇಕು: ಬೇವಿನ ನೀರೆರೆದು, ಮರದ ಬುಡಕ್ಕೆ ಮೊಸರನ್ನದ ಎಡೆ ಇಟ್ಟು, ಅಮ್ಮ ಇಳಿದ ಮಗುವಿನ ಕೈಯಿಂದಲೇ ವಠಾರದ ಎಲ್ಲ ಮಕ್ಕಳಿಗೂ ಒಂದೊಂದು ತುತ್ತು ಹಾಕಿಸಬೇಕು. ಆಗ ಅಮ್ಮ ಬೇರೆ ಮಕ್ಕಳ ಮೇಲೆ ಮುನಿಯುವುದಿಲ್ಲ. ಅವರ ಅತ್ತೆ ಮಾಡಿಸುತ್ತಿದ್ದರು, ಅತ್ತೆಯ ಅತ್ತೆ ಮಾಡಿಸುತ್ತಿದ್ದರು. ಸುಜಾತಾಗೆ ಇದು ಗೊತ್ತಿರಲಿಲ್ಲ. ಆಮೇಲೆ ಒಂದು ದಿನ ಹೇಳಿದಳು: "ನಮ್ಮೋರ್ನ ತಂಪಿಗೆ ಯಾರ್ ಕರೀತಿದ್ರು ಮೇಡಂ? ಅಜ್ಜಿ ದೂರ ನಿಂತ್ಕೊಂಡು ನೋಡಿರ್ಬೋದು. ನನಗೆ ಹೇಳಿರ್ಲಿಲ್ಲ."

ನನಗೆ ಗೊತ್ತಿತ್ತು. ನಮ್ಮ ಅಜ್ಜಿಯ ಮನೆಯಲ್ಲಿ ನಾನೇ ತುತ್ತು ತಿಂದಿದ್ದೆ. ಭಾನುವಾರ ಸುಜಾತಾ ಹೋದ ಹತ್ತು ನಿಮಿಷಕ್ಕೆ ಜಯಮ್ಮ ನನ್ನನ್ನು ಕರೆದರು: "ಮಂಗ್ಳಾರ ಬನ್ನಿ ಮೇಡಂ, ತಂಪು ಅದೆ. ಫೋಟೋದೋರ್ನೂ ಕರ್ಕೊಂಡ್ ಬನ್ನಿ." ಬರೆದುಕೊಂಡೆ. ನೋಟ್‌ಬುಕ್ಕಿನ ಎಡಪುಟದಲ್ಲಿ "ದದ್ದು ಶನಿವಾರ, ನಾಲ್ಕು ದಿನ" ಎಂದಿದೆ. ಬಲಪುಟದಲ್ಲಿ "ಮಂಗಳವಾರ ತಂಪು, ಎಲ್ಲ ಮಕ್ಕಳು" ಎಂದಿದೆ. ಎರಡೂ ನನ್ನ ಕೈಬರಹ.

ಮಂಗಳವಾರ ಛಾಯಾಗ್ರಾಹಕನ ಜೊತೆ ಹೋದೆ. ಕಿಮ್ ಕೆಲಸಕ್ಕೆ ಹೋಗಿದ್ದಳು. ಟ್ಯಾಂಕರ್‌ಗಾಗಿ ಕಾದು ಹಿಡಿದ ನೀರಿನಲ್ಲಿ ಜಯಮ್ಮ ಹೋಯ್ನುಗೆ ತಲೆಗೆ ಎರೆದಿದ್ದರು. ಮೊಮ್ಮಗಳ ಹಳೆಯ ಲಂಗ ಉಡಿಸಿದ್ದರು. ದದ್ದು ಮುಖದಲ್ಲಿ ಮಾಸಿತ್ತು, ತೋಳಿನಲ್ಲಿ ಇನ್ನೂ ಕೆಂಪಗಿತ್ತು. ಅಗಲವಾದ ಹರಿವಾಣದ ತುಂಬ ಮೊಸರನ್ನ. ಮಕ್ಕಳು ಮರದ ಸುತ್ತ ಕೂತರು. ಊರು ಬಿಟ್ಟ ಮೇಲೆ ಆ ಮಕ್ಕಳನ್ನು ಯಾರಾದರೂ ಪಂಕ್ತಿಯಲ್ಲಿ ಕೂರಿಸಿ ಉಣ್ಣಲು ಕರೆದದ್ದು ಅದೇ ಮೊದಲಂತೆ. ತಾಯಂದಿರು ಬಾಗಿಲುಗಳಲ್ಲಿ ನಿಂತು ನಗುತ್ತಿದ್ದರು. ಎದುರು ಕೋಣೆಯ ಅಜ್ಜಿ ಮಾಂಗ್‌ನನ್ನು ಎತ್ತಿಕೊಂಡು ಬಂದಳು.

"ಕಿಮ್ ಬೇಡ ಅಂದಿದ್ಳು," ಎಂದು ಅವಳು ಹಿಂದಿಯಲ್ಲಿ ನನ್ನ ಕಡೆ ನೋಡಿ ಹೇಳಿದಳು.

ಜಯಮ್ಮನಿಗೆ ಅರ್ಥವಾಗಲಿಲ್ಲ. "ಏನಂತೆ? ಕೂರ್ಸಮ್ಮ, ಕೂರ್ಸು. ಅಮ್ಮನ ಪ್ರಸಾದ. ಒಂದ್ ಮಗೂನ ಬಿಟ್ರೆ ಆಕೆ ಅಲ್ಲಿಗೇ ಹೋಗ್ತಾಳೆ."

ನಾನು ಎರಡೂ ಭಾಷೆ ಬಲ್ಲವಳು. ಮಧ್ಯದಲ್ಲಿ ನಿಂತಿದ್ದೆ. ಆ ಕ್ಷಣ ನನಗೆ ಏನೂ ಹೊಳೆಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹೊಳೆಯಿತು. ಮುಖದ ದದ್ದು ಮಾಸಿದೆ, ಇನ್ನು ಇವರ ಮನೆಯ ವಿಷಯ, ನಾನು ನೋಡಲು ಬಂದವಳು ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟರಲ್ಲಿ ಮಾಂಗ್ ಅಜ್ಜಿಯ ಕೈಯಿಂದ ಜಾರಿ ಆರು ದಿನದಿಂದ ಕಾಣದ ಅಕ್ಕನ ಕಡೆ ಓಡಿದ. ಹೋಯ್ನು ಅವನನ್ನು ಮಡಿಲಿಗೆಳೆದುಕೊಂಡು, ಮೊದಲ ತುತ್ತು ಅವನ ಬಾಯಿಗೆ ಹಾಕಿ, ಕೆನ್ನೆಗೆ ಕೆನ್ನೆ ಒತ್ತಿದಳು. ಕ್ಯಾಮೆರಾ ಸದ್ದು ಕೇಳಿತು.

ಬುಧವಾರ ಬೆಳಿಗ್ಗೆ ಆ ಚಿತ್ರ ನಗರದ ಪುಟದಲ್ಲಿ ಐದು ಕಾಲಂ ಅಗಲಕ್ಕೆ ಬಂತು. ವರದಿಯಲ್ಲಿ ನಾನು "ದಡಾರ ಶಂಕೆ" ಎಂದು ಬರೆದಿದ್ದೆ. ಪ್ರಯೋಗಾಲಯದ ವರದಿ ಬಂದಿಲ್ಲವೆಂದು ಡೆಸ್ಕಿನವರು ಅದನ್ನು "ಜ್ವರ" ಎಂದು ತಿದ್ದಿದರು. ನಿಯಮ ಹಾಗೆಯೇ ಇತ್ತು, ನಾನೂ ಒಪ್ಪಿದೆ. ಯಾರ ಹೆಸರೂ ಇರಲಿಲ್ಲ. ಊರಿನ ಅಂಗಳ ಪರದೇಶಿ ಮಕ್ಕಳಿಗೆ ಮಡಿಲಾದ ಬಗೆ ಎಂಬ ಅರ್ಥದ ತಲೆಬರಹ. ಓದುಗರು ಫೋನ್ ಮಾಡಿ ಹೊಗಳಿದರು.

ಒಂಬತ್ತೂವರೆಗೆ ಸುಜಾತಾ ಫೋನ್ ಮಾಡಿದಳು.

"ಮೇಡಂ, ಇದೇನು? ನಿನ್ನೆದಾ ಇದು? ಎಷ್ಟ್ ಮಕ್ಳಿದ್ರು ಅಲ್ಲಿ?"

"ಹದಿನೇಳು."

"ನನ್ ಪುಸ್ತಕದಲ್ಲಿ ಮೂರಿದೆ! ಮೇಡಂ, ತಗುಲಿ ಮೂರು ದಿನದೊಳಗೆ ಲಸಿಕೆ ಹಾಕಿದ್ರೆ ತಡೀಬೋದು. ಶುಕ್ರವಾರ ಮಧ್ಯಾಹ್ನದ ತನಕ ಟೈಮಿದೆ. ಡಾಕ್ಟ್ರು ಹೆಸ್ರು, ವಯಸ್ಸು ಬರ್ದು ಕೊಟ್ರೆ ಇವತ್ತೇ ತಂಡ ಕಳಿಸ್ತೀನಿ ಅಂತಿದಾರೆ, ಎಷ್ಟು ಬಾಟ್ಲು ತರ್ಬೇಕು ಅಂತ ಅವ್ರಿಗೂ ಗೊತ್ತಾಗ್ಬೇಕಲ್ಲ. ನಾನ್ ಬೆಳಿಗ್ಗೆ ಏಳಕ್ಕೇ ವಠಾರಕ್ಕೆ ಹೋಗಿದ್ದೆ. ಒಂದು ಬಾಗ್ಲೂ ತೆಗೀಲಿಲ್ಲ. ನಿಮ್ ಫೋಟೋ ಯಾರೋ ಮೊಬೈಲಲ್ಲಿ ತೋರ್ಸಿದಾರೆ. ಎಲ್ರೂ ಹೆದ್ರಿದಾರೆ."

ಹೆಸರು ಹಾಕಬೇಡಿ ಎಂದಿದ್ದರು, ಹಾಕಿರಲಿಲ್ಲ. ಮುಖ ಹಾಕಿದ್ದೆವು.

"ನಿಮ್ ಹತ್ರ ಹೆಸ್ರಿದೆ ಅಲ್ವಾ ಮೇಡಂ?"

"ಇದೆ. ಆದ್ರೆ ಕೊಡಲ್ಲ ಅಂತ ಮಾತು ಕೊಟ್ಟಿದೀನಿ. ಕಿಮ್‌ನ ಒಂದು ಮಾತು ಕೇಳಿ ಹೇಳ್ತೀನಿ."

"ಬೇಗ ಕೇಳಿ," ಎಂದಳು.

ಕಿಮ್ ಕೆಲಸ ಮಾಡುವ ಹೋಟೆಲಿನಲ್ಲಿ ಫೋನುಗಳನ್ನು ಬೀರುವಿನಲ್ಲಿಡಿಸುತ್ತಿದ್ದರು. ಬುಧವಾರ ಆರು ಸಲ ಕರೆ ಮಾಡಿದೆ. ಗುರುವಾರ ಟ್ಯಾಂಕರ್ ಮಾಲೀಕರ ಮುಷ್ಕರದ ವರದಿಗೆ ಹೋಗಬೇಕಾಯಿತು. ಸಂಜೆ ವಠಾರಕ್ಕೆ ಹೋದರೆ ಕಿಮ್‌ನ ಕೋಣೆಗೆ ಬೀಗ. ಚಿತ್ರ ನೋಡಿ ಹೆದರಿದ ಅಜ್ಜಿ ಮಾಂಗ್‌ನನ್ನು ಕರೆದುಕೊಂಡು ಬಿಟಿಎಂನಲ್ಲಿದ್ದ ತಮ್ಮನ ಮನೆಗೆ ಹೋಗಿದ್ದಳು, ಕಿಮ್ ಅವರನ್ನು ಹುಡುಕಿಕೊಂಡು ಹೋಗಿದ್ದಳು. ಕೊನೆಗೆ ಕಿಮ್ ನನಗೆ ಸಿಕ್ಕಿದ್ದು ಶುಕ್ರವಾರ ಸಂಜೆ ಐದಕ್ಕೆ, ಹೋಟೆಲಿನ ಹಿಂಬಾಗಿಲಿನಲ್ಲಿ. ಕೈ ಒರೆಸಿಕೊಳ್ಳುತ್ತ ಕೇಳಿಸಿಕೊಂಡಳು. ನಾನು ಎಲ್ಲವನ್ನೂ ಕ್ರಮವಾಗಿ ಹೇಳಿ, ಹೆಸರು ಕೊಡಬಹುದೇ ಎಂದೆ.

"ಸೂಜಿಗಾ?" ಎಂದಳು. "ಮಕ್ಕಳ ಸೂಜಿಗೆ ಕೊಡೋಕೆ ಎರಡು ದಿನ ನನ್ನ ಹುಡುಕಿದ್ರಾ?"

ಬೈಯಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದ್ದು.

ಶನಿವಾರ ತಂಡ ಬಂತು. ಸುಜಾತಾ ಮನೆಮನೆಯ ಮುಂದೆ ನಿಂತಳು, ಕಿಮ್ ಅವಳ ಪಕ್ಕದಲ್ಲಿ ನಿಂತು ತಮ್ಮ ಭಾಷೆಯಲ್ಲಿ ಕೂಗಿ ಹೇಳಿದಳು. ಹದಿನೇಳರಲ್ಲಿ ಹನ್ನೊಂದು ಮಕ್ಕಳು ಸಿಕ್ಕರು. ಮಾಂಗ್‌ಗೂ ಹಾಕಿದರು. ಅವನು ಅಳಲಿಲ್ಲ; ಸೂಜಿ ಹಾಕಿದ ಜಾಗವನ್ನು ಹೋಯ್ನುಗೆ ತೋರಿಸಿದ. ಸುಜಾತಾ ಲಸಿಕೆಯ ಪೆಟ್ಟಿಗೆ ಮುಚ್ಚುತ್ತ ನನ್ನ ಮುಖ ನೋಡದೆ ಹೇಳಿದಳು: "ಮುಂದಕ್ಕಾದ್ರೂ ಆಗತ್ತೆ ಮೇಡಂ. ಈ ಸಲಕ್ಕೆ ಗೊತ್ತಿಲ್ಲ."

ಮೇ ಬಂತು, ಮೊದಲ ಮಳೆ ಬಂತು. ಶೀಟಿನ ಮೇಲೆ ಆಲಿಕಲ್ಲಿನ ಸದ್ದಿಗೆ ಮಕ್ಕಳು ಅಂಗಳಕ್ಕೆ ಓಡಿದರಂತೆ, ಮಾಂಗ್ ಒಬ್ಬ ಮಲಗೇ ಇದ್ದ. ತಂಪಿನ ಮಂಗಳವಾರದಿಂದ ಎರಡು ವಾರಕ್ಕೆ ಅವನ ಕಿವಿಯ ಹಿಂದೆ ದದ್ದು ಎದ್ದಿತು. ಆ ವಾರದಲ್ಲೇ ಇನ್ನೂ ಆರು ಮಕ್ಕಳಿಗೆ. ಪ್ರಯೋಗಾಲಯದ ವರದಿ ಅಷ್ಟರಲ್ಲಿ ಬಂದಿತ್ತು. ನಮ್ಮ ಪತ್ರಿಕೆಯಲ್ಲಿ "ದಡಾರ" ಎಂಬ ಪದ ಮೊದಲ ಸಲ ಅಚ್ಚಾಯಿತು, ಒಳಪುಟದಲ್ಲಿ, ಒಂದು ಕಾಲಂ.

ಉಳಿದ ಮಕ್ಕಳು ಚೇತರಿಸಿಕೊಂಡರು. ಮಾಂಗ್‌ಗೆ ಜ್ವರ ಇಳಿಯಲಿಲ್ಲ, ಎದೆಗೆ ಇಳಿಯಿತು. ನಗರದ ಒಂದು ಆಸ್ಪತ್ರೆಗೆ ಸೇರಿಸಿದರು. ಐದು ದಿನ. ಅಲ್ಲಿಯ ವೈದ್ಯರು ನನಗೆ ಕಾರಿಡಾರಿನಲ್ಲಿ ಹೇಳಿದರು: "ಊಟ ಸರಿಯಾಗಿ ಕಂಡ ಮಗುವಾಗಿದ್ರೆ ತಡ್ಕೊಳ್ತಿತ್ತು. ಇವನ ಮೈಯಲ್ಲಿ ಒಂದು ವರ್ಷದಿಂದ ಏನೂ ಇಲ್ಲ. ಎಲ್ಲಿ ತಗುಲಿತು ಅಂತ ಖಚಿತವಾಗಿ ಹೇಳಕ್ಕಾಗಲ್ಲ. ಅಕ್ಕನಿಗೆ ಜ್ವರ ಬರೋ ಹಿಂದಿನ ದಿನವೇ ತಗುಲಿರಬಹುದು." ಈ ಕೊನೆಯ ವಾಕ್ಯವನ್ನು ನಾನು ನೋಟ್‌ಬುಕ್ಕಿನಲ್ಲಿ ಅಡಿಗೆರೆ ಎಳೆದು ಬರೆದುಕೊಂಡಿದ್ದೇನೆ. ಎಷ್ಟೋ ದಿನ ಅದನ್ನೇ ಓದಿದ್ದೇನೆ. ಆಗಬಹುದಾದದ್ದೇ. ಆದರೆ ದಿನಗಳನ್ನು ಎಣಿಸಿದರೆ ಬಂದು ನಿಲ್ಲುವುದು ಆ ಮಂಗಳವಾರದ ಮೇಲೆ.

ಒಂದು ಗುರುವಾರ ಮಧ್ಯಾಹ್ನ ಮಾಂಗ್ ತೀರಿಕೊಂಡ. ಕಿಮ್ ಅವನ ಪಕ್ಕದಲ್ಲಿ ಕೂತು ಅವನ ಬೆರಳುಗಳನ್ನು ಒಂದೊಂದಾಗಿ ಒರೆಸುತ್ತಿದ್ದಳು. ಮೂರು ದಿನದ ರೈಲಿನಲ್ಲಿ ಅವನು ಒಮ್ಮೆಯೂ ಅಳಲಿಲ್ಲ ಎಂದು ಸುಜಾತಾಗೆ ಹೇಳಿದಳು. ಮಣ್ಣಿಗೆ ನಾನು ಹೋಗಲಿಲ್ಲ. ಬರಬೇಡಿ ಎಂದು ಯಾರೂ ಹೇಳಿರಲಿಲ್ಲ.

ಅದಾದ ಮೇಲೆ ಹೋಯ್ನು ಯಾರನ್ನೂ ಮುಟ್ಟುವುದನ್ನು ಬಿಟ್ಟಳು. ಜಯಮ್ಮ ಬಿಸ್ಕತ್ತು ಕೊಟ್ಟರೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದಳಂತೆ. ಜೂನ್‌ನಲ್ಲಿ, ಶಾಲೆ ಶುರುವಾಗುವ ವಾರ, ಕಿಮ್ ಅವಳನ್ನು ಕರೆದುಕೊಂಡು ವಾಪಸು ಹೋದಳು. ಅದೇ ಶಿಬಿರಕ್ಕೆ. ಇಲ್ಲಿ ಉಳಿಯಲು ಇನ್ನೇನಿದೆ ಎಂದಳಂತೆ. ಅವಳ ಫೋನ್ ನಂಬರ್ ಕೆಲವು ತಿಂಗಳು ರಿಂಗಾಗುತ್ತಿತ್ತು.

ಎದುರುಮನೆಯ ಗೇಟಿನ ಸೊಪ್ಪು ತೆಗೆದ ಮೇಲೂ ನನಗೆ ನಿದ್ದೆ ಸರಿಯಾಗಲಿಲ್ಲ. ಹೋದ ವಾರ ಸುಬ್ರಹ್ಮಣ್ಯಪುರಕ್ಕೆ ಹೋದೆ. ಎರಡು ವರ್ಷದಲ್ಲಿ ಎರಡು ಸಲ ಹೊರಟು, ಒಮ್ಮೆ ಬನಶಂಕರಿ ಬಸ್ ನಿಲ್ದಾಣದಿಂದ, ಒಮ್ಮೆ ಆ ರಸ್ತೆಯ ತಿರುವಿನಿಂದ ಹಿಂತಿರುಗಿದ್ದೆ. ಈ ಸಲ ಒಳಗೆ ಹೋದೆ. ಜಯಮ್ಮ ಜಗಲಿಯಲ್ಲೇ ಇದ್ದರು. ಸೊರಗಿದ್ದರು. ವಠಾರದ ಮಕ್ಕಳು ಅಂಗಳದಲ್ಲಿ ಆಡುತ್ತಿದ್ದವು, ಜಗಲಿಯ ಹತ್ತಿರ ಒಂದೂ ಬರುತ್ತಿರಲಿಲ್ಲ.

"ನಾನೇ ಗದರ್ಸ್ತೀನಿ ಮೇಡಂ, ಹತ್ರ ಬರ್ಬೇಡಿ ಅಂತ," ಎಂದರು. "ಈ ಕೈಯಿಂದ ಯಾರ್ಗೂ ಏನೂ ಕೊಡಲ್ಲ ನಾನು ಈಗ. ಹಬ್ಬದ್ ದಿನ ಮೊಮ್ಮಗಳಿಗೂ ಸೊಸೆನೇ ಬಡುಸ್ತಾಳೆ."

ಹೇಳಬೇಕೆಂದು ಬಂದಿದ್ದನ್ನು ಹೇಳಿದೆ. ಸುಜಾತಾ ಎಣಿಸಿದ್ದು ಯಾವ ದಿನದಿಂದ, ನೀವು ಎಣಿಸಿದ್ದು ಯಾವ ದಿನದಿಂದ ಎಂಬುದು ನನಗೆ ಗೊತ್ತಿತ್ತು ಎಂದೆ. ಅಜ್ಜಿ ಮಗುವನ್ನು ಕೂರಿಸುವ ಮುಂಚೆ ಏನು ಹೇಳಿದಳು ಎಂದೆ. ಮಕ್ಕಳ ಹೆಸರು ಮೂರು ದಿನ ನನ್ನ ಚೀಲದಲ್ಲಿತ್ತು ಎಂದೆ. ವೈದ್ಯರು ಹೇಳಿದ್ದನ್ನೂ ಬಿಡದೆ ಹೇಳಿದೆ. ವರದಿ ಓದಿದ ಹಾಗೆ ಓದಿ ಮುಗಿಸಿ, "ತಪ್ಪು ನಿಮ್ಮದಲ್ಲ ಜಯಮ್ಮ," ಎಂದೆ.

ಅವರು ಪೂರ್ತಿ ಕೇಳಿಸಿಕೊಂಡರು. ಅರ್ಥ ಮಾಡಿಕೊಂಡರು ಎಂದೇ ನನ್ನ ನಂಬಿಕೆ. ನನ್ನ ಮೇಲೆ ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ, ಸಿಟ್ಟಾಗಲಿ ಎಂದೇ ಬಂದಿದ್ದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು, ನನಗೇ ಸಮಾಧಾನ ಹೇಳುವವರ ಹಾಗೆ, ಮೆಲ್ಲಗೆ ಅಂದರು:

"ಬಿಡಿ ಮೇಡಂ. ನೀವೇನ್ ಮಾಡುದ್ರಿ? ನೀವು ನಿಂತ್ಕೊಂಡ್ ಬರ್ಕೊಂಡ್ರಿ, ಅಷ್ಟೇ. ಕರ್ದು ಕೂರ್ಸಿದ್ದು ನಾನಲ್ವಾ?"